ಕಡಸಿನ ಮೊದಲ ಬೆದೆ: ಯಾವಾಗ ಕಾಯಬೇಕು, ಯಾವಾಗ ಗರ್ಭಧಾರಣೆ ಮಾಡಿಸಬೇಕು

ಕಡಸು, ಅಂದರೆ ಇನ್ನೂ ಈಯದ ಎಳೆಯ ಹಸು ಅಥವಾ ಎಮ್ಮೆ, ಮೊದಲ ಸಲ ಬೆದೆಗೆ (ಗಂಡನ್ನು ಬಯಸುವ ಸ್ಥಿತಿಗೆ) ಬಂದರೆ ಅದು ಗಬ್ಬವಾಗಬಲ್ಲದು ಎಂದಷ್ಟೇ ತಿಳಿಯಬೇಕು. ಗರ್ಭವನ್ನು ಹೊತ್ತು, ಸುಸೂತ್ರವಾಗಿ ಈದು, ಹಾಲು ಕೊಡುವಷ್ಟು ಅದರ ಮೈ ಬೆಳೆದಿದೆ ಎಂದು ತಿಳಿಯಬಾರದು. ಹೊಟ್ಟೆ ತುಂಬ ಮೇವು ಕಂಡ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿಯ ಕಡಸು ವರ್ಷ ತುಂಬುವ ಹೊತ್ತಿಗೇ ಬೆದೆ ತೋರಿಸಬಹುದು, ಆದರೆ ಹಳ್ಳಿಕಾರ್, ಅಮೃತಮಹಲ್‌ನಂಥ ನಾಟಿ ತಳಿಗಳೂ ಎಮ್ಮೆಗಳೂ ಸಾಮಾನ್ಯವಾಗಿ ಎರಡು ವರ್ಷ ದಾಟಿದ ಮೇಲೆಯೇ ಆ ಹಂತಕ್ಕೆ ಬರುತ್ತವೆ. ಹೀಗಾಗಿ ವಯಸ್ಸಿನ ಲೆಕ್ಕಕ್ಕಿಂತ ತೂಕದ ಲೆಕ್ಕವೇ ನಂಬಿಕೆಗೆ ಅರ್ಹ. ಆ ತಳಿಯ ಬೆಳೆದ ಹಸುವಿನ ತೂಕದಲ್ಲಿ ಶೇ. 60ರಿಂದ 65ರಷ್ಟನ್ನು ಕಡಸು ಮುಟ್ಟಿರಬೇಕು; ಮಿಶ್ರತಳಿಯಲ್ಲಿ ಇದು ಸುಮಾರು 250 ಕಿಲೋ. ಅದಕ್ಕೂ ಮೊದಲೇ ಗರ್ಭ ಕಟ್ಟಿದರೆ ಕಿರಿದಾದ ಸೊಂಟದಲ್ಲಿ ಕರು ಸಿಕ್ಕಿಕೊಂಡು ತಾಯಿ ಮತ್ತು ಕರು ಎರಡರ ಜೀವಕ್ಕೂ ಅಪಾಯವಾಗುತ್ತದೆ.

ತೂಕದ ಯಂತ್ರ ಇಲ್ಲದಿದ್ದರೆ ಟೇಪು ಸಾಕು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ಮೂಳೆಯಿಂದ ಬಾಲದ ಪಕ್ಕದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕಿಲೋಗಳಲ್ಲಿ ಸಿಗುತ್ತದೆ. 60 ಇಂಚು ಸುತ್ತಳತೆ, 48 ಇಂಚು ಉದ್ದ ಇರುವ ಕಡಸು ಸುಮಾರು 262 ಕಿಲೋ ತೂಗುತ್ತದೆ.

ತೂಕ ಸಾಲದಿದ್ದರೂ ಬೆದೆಯ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ, ಏಕೆಂದರೆ ಬೆದೆ ಸುಮಾರು 21 ದಿನಕ್ಕೊಮ್ಮೆ ಮರಳುತ್ತದೆ. ಗಾಜಿನಂತೆ ತಿಳಿಯಾದ ಲೋಳೆ ಸುರಿಯುವುದು, ಪದೇಪದೇ ಕೂಗುವುದು, ಮೇವು ಬಿಡುವುದು, ಬೇರೆ ದನಗಳ ಮೇಲೆ ಹತ್ತುವುದು ಇವೆಲ್ಲ ಸೂಚನೆಗಳೇ. ಆದರೆ ಬೇರೆ ದನ ತನ್ನ ಮೇಲೆ ಹತ್ತಿದಾಗ ಕದಲದೆ ನಿಲ್ಲುವುದೇ ಖಚಿತ ಗುರುತು. ಹಗಲಿಡೀ ಕಟ್ಟಿಹಾಕಿದ ಕೊಟ್ಟಿಗೆಯಲ್ಲಿ ಈ ಗುರುತು ಕಾಣುವುದೇ ಇಲ್ಲ, ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಅರ್ಧ ಗಂಟೆಯಾದರೂ ದನಗಳನ್ನು ಬಿಚ್ಚಿಬಿಟ್ಟು ಗಮನಿಸಬೇಕು.

ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಇರುತ್ತದೆ, ಅಂಡಾಣು ಬಿಡುಗಡೆಯಾಗುವುದು ಅದು ಮುಗಿದು 10ರಿಂದ 12 ಗಂಟೆಯ ನಂತರ. ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಬೇಕೆಂಬ ನಿಯಮ ಹುಟ್ಟಿದ್ದು ಇದರಿಂದಲೇ. ಒಂದೆರಡು ದಿನ ಕಳೆದು ಬಾಲಕ್ಕೆ ರಕ್ತ ಅಂಟಿದ್ದು ಕಂಡರೆ ಆ ಸಲದ ಬೆದೆ ಮುಗಿದುಹೋಗಿದೆ ಎಂದರ್ಥ. ಆಗ ಮಾಡಿಸಿದರೆ ಪ್ರಯೋಜನವಿಲ್ಲ, ಮುಂದಿನ ಬೆದೆಯ ದಿನವನ್ನು ಎಣಿಸಿಕೊಳ್ಳಿ.

ಎಮ್ಮೆಯ ವಿಷಯದಲ್ಲಿ ಇನ್ನೂ ಹೆಚ್ಚಿನ ತಾಳ್ಮೆ ಬೇಕು. ಅದರದು ಹೆಚ್ಚಾಗಿ ಮೂಕ ಬೆದೆ: ಕೂಗು, ಹತ್ತಾಟ ಕಡಿಮೆ, ಲೋಳೆ ಅಲ್ಪ, ಲಕ್ಷಣಗಳು ರಾತ್ರಿ ಅಥವಾ ನಸುಕಿನಲ್ಲಿ ತೋರಿ ಮರೆಯಾಗುತ್ತವೆ. ಬೇಸಿಗೆಯಲ್ಲಿ ಅವು ಇನ್ನಷ್ಟು ಮಂಕಾಗುವುದರಿಂದ ನೆರಳು, ನೀರು, ಮೈ ತಣಿಸುವ ವ್ಯವಸ್ಥೆ ಎಮ್ಮೆಯ ಸಂತಾನಶಕ್ತಿಗೂ ಸಂಬಂಧಿಸಿದ ವಿಷಯವೇ ಆಗಿದೆ.

ಗರ್ಭಧಾರಣೆ ಮಾಡಿಸಿದ 21ನೇ ದಿನದ ಆಸುಪಾಸಿನಲ್ಲಿ ಮತ್ತೆ ಗಮನಿಸಿ, ಬೆದೆ ಬಾರದಿದ್ದರೂ ಎರಡು-ಮೂರು ತಿಂಗಳೊಳಗೆ ಪಶುವೈದ್ಯರಿಂದ ಗರ್ಭ ಪರೀಕ್ಷೆ ಮಾಡಿಸಿ. ಹೋರಿಗರುವಿನೊಂದಿಗೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಬಹುಪಾಲು ಬಂಜೆಯೇ ಆಗಿರುವುದರಿಂದ ಅಂಥದ್ದನ್ನು ಮೊದಲೇ ಪರೀಕ್ಷಿಸುವುದು ಒಳ್ಳೆಯದು.

ಆಡು-ಕುರಿಗಳಲ್ಲಿ ತೊಂದರೆಯೇ ಬೇರೆ: ಅವು ತೀರಾ ಬೇಗ ಪ್ರೌಢವಾಗುತ್ತವೆ. ಗಂಡು ಮರಿಗಳು ನಾಲ್ಕೈದು ತಿಂಗಳಿಗೇ ಸಮರ್ಥವಾಗುವುದರಿಂದ, ಮೂರು ತಿಂಗಳು ತುಂಬುತ್ತಲೇ ಅವನ್ನು ತಾಯಿ ಮತ್ತು ಒಡಹುಟ್ಟಿದ ಹೆಣ್ಣು ಮರಿಗಳಿಂದ ಬೇರೆ ಕಟ್ಟಬೇಕು.