ದಸರಾ ರಾತ್ರಿಗೆ ಒಂದು, ತೀರ್ಥಕ್ಕೆ ಒಂದು: ಅಕ್ಟೋಬರ್‌ನಲ್ಲಿ ಕೊಡಗಿಗೆ ಬರೋದು ಹೇಗೆ?

ಮಂಗಳೂರಲ್ಲಿರೋ ನಮ್ಮ ಚಿಕ್ಕಮ್ಮನ ಮಗ ಪ್ರತಿ ವರ್ಷ ಸೆಪ್ಟೆಂಬರ್ ಕೊನೆಗೆ ತಪ್ಪದೆ ಫೋನ್ ಮಾಡ್ತಾನೆ. "ಅಣ್ಣಾ, ಇಲ್ಲಿ ಮಳೆ ನಿಂತಿದ್ದೇ ತಡ ಸೆಕೆ ಶುರು, ಫ್ಯಾನ್ ಕೆಳಗೆ ಕೂತ್ರೂ ಬೆವರು, ನಿಮ್ಮಲ್ಲಿಗೆ ಬಂದ್ರೆ ಶರದೃತು ಅಂತ ಏನಾದ್ರೂ ನೋಡೋಕೆ ಸಿಗುತ್ತಾ?" ರೀಲ್ಸಲ್ಲಿ ಕಾಶ್ಮೀರದ ಚಿನಾರ್ ಮರ ಕೆಂಪಗಾಗೋದು ನೋಡಿರ್ತಾನೆ ಪಾಪ. ನಮ್ಮಲ್ಲಿ ಎಲೆ ಕೆಂಪಾಗಲ್ಲ ಮಾರಾಯಾ, ತೋಟದ ಸಿಲ್ವರ್ ಓಕ್ ಹಂಗೇ ಹಸಿರಾಗಿ ನಿಂತಿರುತ್ತೆ, ಕಾಫಿ ಹಣ್ಣಾಗೋಕೂ ಇನ್ನೂ ಟೈಮಿದೆ. ಈ ಕಾಲದಲ್ಲಿ ಕೊಡಗು ನೋಡ್ಬೇಕು ಅಂದ್ರೆ ಎರಡೇ ದಿನ ಹಿಡೀಬೇಕು, ವಿಜಯದಶಮಿ ರಾತ್ರಿ ಮಡಿಕೇರಿ ರೋಡು, ತುಲಾ ಸಂಕ್ರಮಣಕ್ಕೆ ತಲಕಾವೇರಿ, ಅಂದ್ರೆ ಕಾವೇರಿ ಹುಟ್ಟೋ ಜಾಗ, ಆ ಗಳಿಗೆಗೆ ಅಲ್ಲಿ ತೀರ್ಥ ಉಕ್ಕುತ್ತೆ ಅನ್ನೋದು ನಂಬಿಕೆ. ಸುಮ್ನೆ ವೀಕೆಂಡ್ ಲೆಕ್ಕ ಹಾಕ್ಕೊಂಡು ಬಂದ್ರೆ ರಾಜಾಸೀಟಲ್ಲಿ ಮಂಜು ನೋಡಿ, ಜೋಳ ತಿಂದು, ವಾಪಸ್ ಹೋಗ್ತೀರಾ.

ಮೊದಲು ಕ್ಯಾಲೆಂಡರ್ ತೆಗೀರಿ

ದಸರಾ ಚಂದ್ರನ ಲೆಕ್ಕ, ಹಾಗಾಗಿ ಓಡಾಡ್ತಾ ಇರುತ್ತೆ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 2ಕ್ಕೇ ಬಂದ್ಬಿಡ್ತು. ಸಂಕ್ರಮಣ ಸೂರ್ಯನ ಲೆಕ್ಕ, ಅದು ಅಕ್ಟೋಬರ್ 17 ಅಥವಾ 18 ಬಿಟ್ಟು ಎಲ್ಲೂ ಹೋಗಲ್ಲ. ಆದ್ರೆ ಗಂಟೆ ಬದಲಾಗುತ್ತೆ, ಹೊಸಬರು ಎಡವೋದು ಇಲ್ಲೇ. ವರ್ಷದಿಂದ ವರ್ಷಕ್ಕೆ ಹತ್ತಿರ ಹತ್ತಿರ ಆರು ಗಂಟೆ ಮುಂದಕ್ಕೆ ಹೋಗುತ್ತೆ, ಅಧಿಕ ವರ್ಷದಲ್ಲಿ ಒಂದು ದಿನ ಹಿಂದಕ್ಕೆ ಬರುತ್ತೆ. 2023ರಲ್ಲಿ ನಡುರಾತ್ರಿ ಕಳೆದ್ಮೇಲೆ, ಅಂದ್ರೆ 18ನೇ ತಾರೀಕು ಒಂದೂವರೆ ಆಸುಪಾಸು, 2024ರಲ್ಲಿ 17ರ ಬೆಳಗ್ಗೆ, 2025ರಲ್ಲಿ 17ರ ಮಧ್ಯಾಹ್ನ. ಮುಹೂರ್ತದ ನಿಮಿಷ ಪೇಪರಲ್ಲಿ ಮೊದಲೇ ಬರುತ್ತೆ, ಅದನ್ನ ನೋಡ್ಕೊಂಡೇ ಬಸ್ಸು ಬುಕ್ ಮಾಡಿ. 2024ರ ಥರ ಎರಡಕ್ಕೂ ಐದು ದಿನ ಗ್ಯಾಪ್ ಇದ್ರೆ ಉಳಿದ್ಬಿಡಿ, 2025ರ ಥರ ಹದಿನೈದು ದಿನ ಇದ್ರೆ ಎರಡು ಸಲ ಬನ್ನಿ ಅಥವಾ ಯಾವುದೋ ಒಂದು ಆರಿಸ್ಕೊಳ್ಳಿ. ನನ್ನ ಕೇಳಿದ್ರೆ, ಮಕ್ಕಳಿದ್ರೆ ದಸರಾ, ಮನೇಲಿ ವಯಸ್ಸಾದೋರಿದ್ರೆ ತೀರ್ಥ.

ರೂಮು, ದಾರಿ, ಬ್ಯಾಗು

ದಸರಾಗೆ ರೂಮು ಆಗಸ್ಟಲ್ಲೇ ಮಾಡ್ಕೊಳ್ಳಿ. ಒಂದ್ಸಲ ನಮ್ಮ ಫ್ರೆಂಡ್ಸಿಗೆ ಅಂತ ಒಂದು ಹೋಮ್‌ಸ್ಟೇಗೆ ಮಾತಾಡಿದ್ದೆ, ಫೋನಲ್ಲಿ ಹೇಳಿದ ರೇಟೇ ಬೇರೆ, ಬಾಗಿಲಲ್ಲಿ ನಿಂತಾಗ ಹೇಳಿದ ರೇಟೇ ಬೇರೆ, ಅವತ್ತಿಂದ ನಾನು ವಾಟ್ಸಾಪಲ್ಲಿ ಬರೆಸ್ಕೊಳ್ಳದೆ ಅಡ್ವಾನ್ಸ್ ಕೊಡಲ್ಲ. ಮಡಿಕೇರಿಲಿ ಸಿಗಲಿಲ್ಲ ಅಂದ್ರೆ ಕುಶಾಲನಗರ ನೋಡಿ, ಮೂವತ್ತು ಕಿಲೋಮೀಟರ್ ಅಷ್ಟೆ. ಕೊಡಗಿಗೆ ರೈಲಿಲ್ಲ, ಮೈಸೂರಿಂದ ಬಸ್ಸು ಬೇಕಾದಷ್ಟಿವೆ. ಮಂಗಳೂರು ಕಡೆಯೋರು ಸಂಪಾಜೆ ಘಾಟಿ ಹತ್ತೋ ಮೊದಲು ಮಳೆ ಹೇಗಿದೆ ಅಂತ ಒಂದು ಫೋನ್ ಮಾಡಿ. 2018ರಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದ್ಮೇಲೆ ನಾವೆಲ್ಲ ಹಂಗೇ ಮಾಡೋದು.

ಅಕ್ಟೋಬರ್ ಅಂದ್ರೆ ಮಳೆ ಮುಗೀತು ಅಂದ್ಕೋಬೇಡಿ, ಹಿಂಗಾರು ಮಧ್ಯಾಹ್ನದ ಮೇಲೆ ಗುಡುಗ್ತಾ ಬರುತ್ತೆ. ಕೊಡೆ ಇರ್ಲಿ, ಸ್ವೆಟರ್ ಇರ್ಲಿ, ಕಾಡು ಕಡೆ ಹೋಗೋದಾದ್ರೆ ಜಿಗಣೆಗೆ ಒಂದು ಚಿಕ್ಕ ಬಟ್ಟೆ ಗಂಟಲ್ಲಿ ಉಪ್ಪು ಇರ್ಲಿ. ಬಿಳಿ ಸಾಕ್ಸ್ ಬೇಡ, ಯಾಕಂತ ಬಂದ್ಮೇಲೆ ಗೊತ್ತಾಗುತ್ತೆ.

ದಸರಾ ರಾತ್ರಿ: ಮಧ್ಯಾಹ್ನ ಮಲಗಿ

ಮಡಿಕೇರಿ ದಸರಾ ಮೈಸೂರಿನ ಥರ ಅಲ್ವೇ ಅಲ್ಲ, ಇಲ್ಲಿ ಎಲ್ಲಾ ರಾತ್ರಿನೇ. ನವರಾತ್ರಿ ಮೊದಲ ದಿನ ಸಂಜೆ ಪಂಪಿನ ಕೆರೆಯಿಂದ ನಾಲ್ಕು ಕರಗ ಹೊರಡುತ್ತೆ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿ, ಕೋಟೆ ಮಾರಿಯಮ್ಮ. ರಾಜರ ಕಾಲದಲ್ಲಿ ಊರಿಗೆ ಸಾಂಕ್ರಾಮಿಕ ರೋಗ ಬಂದಾಗ ಮಾರಿಯಮ್ಮನಿಗೆ ಹರಕೆ ಹೊತ್ತು ಶುರು ಮಾಡಿದ್ದು ಅಂತ ಅಜ್ಜಂದಿರು ಹೇಳ್ತಾರೆ. ಅಷ್ಟೂ ದಿನ ಕರಗ ಮನೆ ಮನೆಗೆ ಬರುತ್ತೆ, ಗಾಂಧಿ ಮೈದಾನದಲ್ಲಿ ದಿನಾ ಸಂಜೆ ಕಾರ್ಯಕ್ರಮ ಇರುತ್ತೆ. ರಜೆ ಇಲ್ಲದೋರು ಕೊನೇ ರಾತ್ರಿಗೆ ಬಂದ್ರೂ ಸಾಕು.

ಆವತ್ತು ಮಧ್ಯಾಹ್ನ ಊಟ ಮಾಡಿ ಮಲಗ್ಬಿಡಿ, ನಿಜವಾಗ್ಲೂ ಮಲಗಿ. ಸಂಜೆ ಆರಕ್ಕೇ ಪೇಟೆಗೆ ಬಂದು ಒಂಬತ್ತಕ್ಕೆ ಕಾಲು ನೋವು ಅಂತ ರೂಮಿಗೆ ಹೋಗೋರನ್ನ ಪ್ರತಿ ವರ್ಷ ನೋಡ್ತೀನಿ, ಅವರು ದಸರಾ ನೋಡಿರಲ್ಲ, ಟ್ರಾಫಿಕ್ ನೋಡಿರ್ತಾರೆ. ಗಾಡಿ ಊರಿನ ಹೊರಗೆ ಬಿಟ್ಟು ನಡ್ಕೊಂಡು ಬನ್ನಿ. ಹತ್ತು ದೇವಸ್ಥಾನದಿಂದ ಹತ್ತು ಮಂಟಪ, ಅದಕ್ಕೇ ದಶಮಂಟಪ ಅನ್ನೋದು. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಆಳೆತ್ತರಕ್ಕಿಂತ ದೊಡ್ಡ ದೊಡ್ಡ ಬೊಂಬೆ, ಜನರೇಟರ್, ಲೈಟು, ಹೊಗೆ, ಡೈಲಾಗ್ ಎಲ್ಲಾ ಸೇರಿ ಒಂದೊಂದು ಮಂಟಪ ಒಂದೊಂದು ಪುರಾಣದ ಕಥೆ ಆಡಿ ತೋರಿಸುತ್ತೆ, ಅಸುರ ತಲೆ ಅಲ್ಲಾಡಿಸ್ತಾನೆ, ದೇವಿ ಮೇಲಿಂದ ಇಳೀತಾಳೆ, ಮಕ್ಕಳು ಅಪ್ಪನ ಹೆಗಲ ಮೇಲೆ ಬಾಯಿ ಬಿಟ್ಕೊಂಡು ನೋಡ್ತಾವೆ. ಪೇಟೆ ಶ್ರೀರಾಮ ಮಂದಿರದ್ದು ಮೊದಲು ಹೊರಡೋದು ರೂಢಿ. ಬಹುಮಾನ ಇರುತ್ತೆ, ಹಾಗಾಗಿ ಹುಡುಗರು ತಿಂಗಳುಗಟ್ಟಲೆ ಗುಟ್ಟಾಗಿ ಕೆಲಸ ಮಾಡಿರ್ತಾರೆ, ಈ ಸಲ ಏನ್ ಕಥೆ ಅಂತ ಕೇಳಿದ್ರೆ ಸ್ವಂತ ಅಕ್ಕನಿಗೂ ಬಾಯಿ ಬಿಡಲ್ಲ.

ನಿಲ್ಲೋ ಜಾಗ ಮುಖ್ಯ. ಎಲ್ರೂ ಪೇಟೆ ಮಧ್ಯದ ಚೌಕಿ ಸರ್ಕಲ್ಲಿಗೇ ನುಗ್ತಾರೆ, ಅಲ್ಲಿ ಕಾಣೋದು ಮುಂದಿನವರ ಮೊಬೈಲ್ ಮಾತ್ರ. ಸ್ವಲ್ಪ ಏರಲ್ಲಿರೋ ಅಂಗಡಿ ಜಗಲಿ ಹಿಡೀರಿ, ಮಡಿಕೇರಿಲಿ ಏರು ಇಲ್ಲದ ರೋಡೇ ಇಲ್ಲ. ನನ್ನ ಪ್ರಕಾರ ಒಳ್ಳೆ ಟೈಮು ರಾತ್ರಿ ಒಂದರಿಂದ ನಾಲ್ಕು. ಒಂದು ವರ್ಷ ಎರಡೂವರೆ ಹೊತ್ತಿಗೆ ಒಂದು ಮಂಟಪದ ಅಸುರನ ಕೈ ಅರ್ಧಕ್ಕೇ ನಿಂತೋಯ್ತು. ಒಬ್ಬ ಹುಡುಗ ಬಾಯಲ್ಲಿ ಟಾರ್ಚ್ ಕಚ್ಕೊಂಡು ಅಸುರನ ಕಂಕುಳಲ್ಲಿ ತೂರಿ ಕಟಿಂಗ್ ಪ್ಲೇಯರ್ ಹಿಡಿದು ಏನೋ ತಿರುಗಿಸ್ತಾ ಇದ್ದ, ಕೆಳಗಿಂದ ಅವನಮ್ಮ "ಇಳಿಯೋ, ಬೀಳ್ತೀಯ" ಅಂತ ಕೂಗ್ತಾ ಇದ್ರು, ದೇವಿ ತ್ರಿಶೂಲ ಎತ್ಕೊಂಡು ಪಾಪ ಕಾಯ್ತಾ ಇದ್ಲು. ಆಮೇಲೆ ಕೈ ಗಕ್ಕಂತ ಎದ್ದಾಗ ಬಿದ್ದ ಶಿಳ್ಳೆ ಆ ರಾತ್ರಿ ಫಸ್ಟ್ ಪ್ರೈಜ್ ಬಂದ ಮಂಟಪಕ್ಕೂ ಬೀಳಲಿಲ್ಲ.

ಬೆಳಕು ಹರಿಯೋ ಹೊತ್ತಿಗೆ ಬಿಸಿ ಕಾಫಿ ಕುಡಿದು ಹೋಗಿ ಮಲಗಿ.

ನಡುವಿನ ದಿನಗಳು

ಇದಕ್ಕೆ ಜಾಸ್ತಿ ಪ್ಲಾನ್ ಬೇಡ. ಜಲಪಾತಕ್ಕೆ ಇದೇ ಒಳ್ಳೆ ಟೈಮು, ನೀರು ತುಂಬಿರುತ್ತೆ, ಕೆಸರು ಇಳಿದಿರುತ್ತೆ. ಅಬ್ಬಿ ಹತ್ತಿರ, ಆದ್ರೆ ಜನ ಜಾಸ್ತಿ. ಕಾಲಲ್ಲಿ ಶಕ್ತಿ ಇದ್ರೆ ಸೋಮವಾರಪೇಟೆ ಕಡೆ ಮಲ್ಲಳ್ಳಿ, ದಕ್ಷಿಣಕ್ಕೆ ಹೋದ್ರೆ ಇರ್ಪು. ದಾರೀಲಿ ಗದ್ದೆ ನೋಡ್ತಾ ಹೋಗಿ, ಭತ್ತ ತೆನೆ ಬಿಡ್ತಾ ಇರುತ್ತೆ, ರೋಡ್ ಪಕ್ಕ ಹಳದಿ ಕಾಡು ಸೂರ್ಯಕಾಂತಿ ಅರಳಿರುತ್ತೆ, ನಮ್ಮ ಶರದೃತುವಿನ ಬಣ್ಣ ಅಂದ್ರೆ ಅದೇ ಕಣಪ್ಪ. ಹೋಟ್ಲಲ್ಲಿ ಕಡಂಬುಟ್ಟು (ಅಕ್ಕಿ ತರಿ ಉಂಡೆ), ಪಂದಿಕರಿ (ಹಂದಿ ಮಾಂಸದ ಸಾರು) ಕೇಳಿ ತಿನ್ನಿ, ಕರಿ ಕಪ್ಪಗೆ ಹುಳಿಯಾಗಿದ್ರೆ ಕಾಚಂಪುಳಿ, ಅಂದ್ರೆ ನಮ್ಮ ಕಡೆಯ ಕಪ್ಪು ಹುಳಿರಸ, ಸರಿಯಾಗಿ ಹಾಕಿದ್ದಾರೆ ಅಂತ ಅರ್ಥ. ಸಂಕ್ರಮಣದ ದಿನ ಮಾತ್ರ ಮಾಂಸ ಕೇಳ್ಬೇಡಿ.

ತೀರ್ಥೋದ್ಭವಕ್ಕೆ ಹೋಗೋದು

ಮಡಿಕೇರಿಯಿಂದ ಭಾಗಮಂಡಲ ಸುಮಾರು ನಲವತ್ತು ಕಿಲೋಮೀಟರ್, ಅಲ್ಲಿಂದ ಮೇಲೆ ತಲಕಾವೇರಿ ಇನ್ನೊಂದು ಎಂಟು. ಮೊದಲು ಭಾಗಮಂಡಲದ ಸಂಗಮದಲ್ಲಿ ಸ್ನಾನ, ಕಾವೇರಿ, ಕನ್ನಿಕೆ, ಸುಜ್ಯೋತಿ ಸೇರೋ ಜಾಗ, ಆಮೇಲೆ ಮೇಲಕ್ಕೆ. ಮುಹೂರ್ತಕ್ಕೆ ನಾಲ್ಕೈದು ಗಂಟೆ ಮೊದಲೇ ಅಲ್ಲಿರಿ. ತಲಕಾವೇರಿ ಬ್ರಹ್ಮಗಿರಿ ಬುಡದಲ್ಲಿ, ಎತ್ತರ 1,276 ಮೀಟರ್, ಗಾಳಿ ಹೇಗಿರುತ್ತೆ ಅಂದ್ರೆ ಒದ್ದೆ ಪಂಚೇಲಿ ನಿಂತ ನಮ್ಮ ತಮ್ಮನ ಹಲ್ಲು ಕಟಕಟ ಅನ್ನೋದು ಪಕ್ಕದ ಲೈನಿಗೂ ಕೇಳ್ತಾ ಇತ್ತು. ಮಂಗಳೂರಿನ ಸೆಕೆ ಎಲ್ಲಿ ಹೋಯ್ತೋ ಅಂತ ಕೇಳಿದೆ, ಉತ್ತರ ಬರಲಿಲ್ಲ.

ತೀರ್ಥ ಉಕ್ಕೋ ಕುಂಡಿಕೆ ಅಂದ್ರೆ ಒಂದು ಚಿಕ್ಕ ಕಲ್ಲಿನ ತೊಟ್ಟಿ, ಅದರ ಮುಂದೆ ಕಲ್ಯಾಣಿ. ಹತ್ತಿರ ಹೋಗಿ ನೀರು ಉಕ್ಕೋದು ಕಣ್ಣಾರೆ ನೋಡ್ತೀನಿ ಅನ್ನೋ ಆಸೆ ಬಿಟ್ಬಿಡಿ, ನೂಕುನುಗ್ಗಲು ಹಾಗಿರುತ್ತೆ. ಆ ಹೊತ್ತಿಗೆ "ಜೈ ಜೈ ಮಾತಾ ಕಾವೇರಿ ಮಾತಾ" ಅಂತ ಒಟ್ಟಿಗೆ ಏಳೋ ದನಿ ಕೇಳಿದ್ರೆ ಸಾಕು, ಅರ್ಚಕರು ತೀರ್ಥ ಎರಚ್ತಾರೆ, ತಲೆ ಮೇಲೆ ನಾಲ್ಕು ಹನಿ ಬಿದ್ದೇ ಬೀಳುತ್ತೆ. ಆಮೇಲೆ ಸಾಲಲ್ಲಿ ನಿಂತು ತೀರ್ಥ ತಗೊಳ್ಳಿ. ಪಾತ್ರೆ ಮನೆಯಿಂದಲೇ ತನ್ನಿ, ಬಿರಡೆ ಗಟ್ಟಿ ಇರೋ ಸ್ಟೀಲ್ ಬಾಟ್ಲಿ ಒಳ್ಳೇದು. ತಮ್ಮ ಮೊದಲ ವರ್ಷ ತಂಪು ಪಾನೀಯದ ಖಾಲಿ ಬಾಟ್ಲಿ ತಂದಿದ್ದ, ಮುಚ್ಚಳ ಸಡಿಲ ಆಗಿ ಬ್ಯಾಗಲ್ಲಿದ್ದ ಬಟ್ಟೆಗೆಲ್ಲಾ ಪುಣ್ಯಸ್ನಾನ ಆಯ್ತು, ಚಿಕ್ಕಮ್ಮನಿಗೆ ಸಿಕ್ಕಿದ್ದು ಎರಡು ಚಮಚ. ನಗೋ ವಿಷಯ ಅಲ್ಲ ಅದು, ಇಲ್ಲಿ ಮನೆ ಮನೇಲೂ ಈ ನೀರು ವರ್ಷಪೂರ್ತಿ ಇಟ್ಟಿರ್ತಾರೆ, ಕೊನೆಯುಸಿರು ಎಳೆಯೋರ ಬಾಯಿಗೆ ಬಿಡೋದು ಇದನ್ನೇ.

ಯಾರಾದ್ರೂ ಕಣಿ ಪೂಜೆಗೆ, ಅಂದ್ರೆ ಮನೇಲಿ ಮಾಡೋ ಕಾವೇರಿ ಪೂಜೆಗೆ, ಕರೆದ್ರೆ ಇಲ್ಲ ಅನ್ಬೇಡಿ. ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಅದನ್ನೇ ಕಾವೇರಮ್ಮ ಅಂತ ಕೂರಿಸಿರ್ತಾರೆ. ಅಕ್ಕಿ ಹಾಕಿ ನಮಸ್ಕಾರ ಮಾಡಿ, ದೊಡ್ಡವರ ಕಾಲಿಗೆ ಬೀಳಿ, ದೋಸೆ ಜೊತೆ ಕುಂಬಳಕಾಯಿ ಕರಿ ಬಡಿಸ್ತಾರೆ, ಇನ್ನೆರಡು ದೋಸೆ ಬೇಡ ಅಂದ್ರೂ ಬೀಳುತ್ತೆ.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೂ ಇರ್ಬೇಕು ಅಂತ ತಮ್ಮ ಕೇಳ್ತಾ ಇದ್ದಾನೆ. ಅದು ನವೆಂಬರ್ ಕೊನೆಗೋ ಡಿಸೆಂಬರ್‌ಗೋ, ಕಕ್ಕಬ್ಬೆ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತು ಮಾಡಿದ್ಮೇಲೇ ತಿಳಿಯೋದು, ಅಲ್ಲಿವರೆಗೆ ರಜೆ ಉಳಿಸ್ಕೋ ಅಂದಿದ್ದೀನಿ.