ನಿದ್ದೆಯಿಂದ ಎದ್ದ ಕಂಪ್ಯೂಟರಿಗೆ ನೆಟ್ ಸಿಗುತ್ತಿಲ್ಲವೇ?

ಲ್ಯಾಪ್‌ಟಾಪ್ ಮುಚ್ಚಿಟ್ಟು ಊಟಕ್ಕೆ ಹೋಗುತ್ತೀರಿ. ಬಂದು ತೆರೆದರೆ ಬಿಟ್ಟ ಕೆಲಸ ಬಿಟ್ಟಲ್ಲೇ ಇದೆ, ನೆಟ್ ಮಾತ್ರ ಇಲ್ಲ. ರೀಸ್ಟಾರ್ಟ್ ಮಾಡಿದರೆ ಬರುತ್ತದೆ. ಸಂಜೆ ಮತ್ತೆ ಅದೇ ಪಾಡು. ತೀರ್ಥಹಳ್ಳಿ, ಹೊಸನಗರ, ಸಾಗರದ ಹಳ್ಳಿಮನೆಗಳಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿಂದ ಹಿಡಿದು ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಬಿಲ್ ಹಾಕುವವರ ತನಕ ಈ ದೂರು ಕೇಳಿದ್ದೇನೆ. ಹೆಚ್ಚಿನವರು ರೂಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ನೆಟ್ ಕೊಟ್ಟವರಿಗೆ ಫೋನ್ ಮಾಡಿ ಜಗಳ ತೆಗೆಯುತ್ತಾರೆ. ಕೊನೆಗೆ ದುಡ್ಡು ಕೊಟ್ಟು ವಿಂಡೋಸ್ ಹೊಸದಾಗಿ ಹಾಕಿಸುತ್ತಾರೆ. ಇದ್ಯಾವುದೂ ಬೇಡ. ಬಹಳಷ್ಟು ಸಲ ಒಂದು ಟಿಕ್ ತೆಗೆದರೆ ಮುಗಿಯಿತು.

ಕಾರಣ ಇಷ್ಟೇ. ಕಂಪ್ಯೂಟರ್ ಸ್ಲೀಪ್‌ಗೆ ಹೋಗುವಾಗ ಕರೆಂಟ್ ಉಳಿಸಲು ಒಳಗಿನ ನೆಟ್‌ವರ್ಕ್ ಕಾರ್ಡನ್ನೂ ಆರಿಸುತ್ತದೆ. ಎದ್ದಾಗ ಅದನ್ನು ಮತ್ತೆ ಎಬ್ಬಿಸಬೇಕು. ಕಾರ್ಡನ್ನು ನಡೆಸುವ ಸಾಫ್ಟ್‌ವೇರಿಗೆ ಡ್ರೈವರ್ ಎನ್ನುತ್ತಾರೆ, ಅದರಲ್ಲಿ ಸ್ವಲ್ಪ ಎಡವಟ್ಟು ಇದ್ದರೂ ಕಾರ್ಡ್ ಏಳದೇ ಇರಬಹುದು. ತೋಟದ ಪಂಪ್‌ಸೆಟ್ ಇದೆಯಲ್ಲ, ಆಟೋ ಸ್ಟಾರ್ಟರ್ ಇಲ್ಲದಿದ್ದರೆ ಹೋದ ಕರೆಂಟ್ ವಾಪಸ್ ಬಂದರೂ ಮೋಟಾರ್ ಸುಮ್ನೆ ನಿಂತಿರುತ್ತದೆ, ಯಾರಾದರೂ ಹೋಗಿ ಬಟನ್ ಒತ್ತಬೇಕು. ಇದೂ ಹಾಗೆಯೇ. ರೀಸ್ಟಾರ್ಟ್ ಮಾಡಿದಾಗ ನೆಟ್ ಬರುವುದು ಆ ಬಟನ್ ಒತ್ತಿದಂತಾಗುವುದರಿಂದ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು: ತಪ್ಪು ಯಾರದು ಎಂದು ನೋಡಿ

ನೆಟ್ ಹೋದ ಹೊತ್ತಿನಲ್ಲೇ ಮೊಬೈಲ್ ಎತ್ತಿಕೊಳ್ಳಿ. ಅದರ ಮೊಬೈಲ್ ಡೇಟಾ ಆಫ್ ಮಾಡಿ, ಅದೇ ವೈಫೈಗೆ ಸೇರಿಸಿ, ಯಾವುದಾದರೂ ಹೊಸ ಪೇಜ್ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲ ಎಂದು ಗೊತ್ತಾದರೆ ಎಷ್ಟೋ ಫೋನ್‌ಗಳು ಹೇಳದೆ ಕೇಳದೆ ಸಿಮ್‌ನ ಡೇಟಾಕ್ಕೆ ಜಿಗಿಯುತ್ತವೆ. ಆಗ ನೀವು ‘ಫೋನಿಗೆ ಬರ್ತಿದೆ, ಕಂಪ್ಯೂಟರಿಗೆ ಬರ್ತಿಲ್ಲ’ ಎಂದು ತಪ್ಪು ದಾರಿ ಹಿಡಿಯುತ್ತೀರಿ.

ಫೋನಿಗೂ ಬರದಿದ್ದರೆ ಫೈಬರ್ ಬಾಕ್ಸ್ ನೋಡಿ. ಎಲ್‌ಒಎಸ್ ಎಂದು ಬರೆದ ದೀಪ ಕೆಂಪಾಗಿದ್ದರೆ ಲೈನ್‌ನಲ್ಲೇ ತೊಂದರೆ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕೇಬಲ್ ಹರಿಯುವುದು ಇದ್ದದ್ದೇ. ಆಗ ಕಂಪ್ಯೂಟರಿನಲ್ಲಿ ಏನು ತಿರುಗಿಸಿದರೂ ಪ್ರಯೋಜನವಿಲ್ಲ, ಲೈನ್‌ಮನ್ ಬರಬೇಕು.

ಮಲೆನಾಡಿನಲ್ಲಿ ಇನ್ನೊಂದು ಗೊಂದಲ ಇದೆ. ಲ್ಯಾಪ್‌ಟಾಪ್ ಮಲಗಿದ್ದಾಗ ಕರೆಂಟ್ ಹೋಗಿ ಬಂದಿರುತ್ತದೆ. ಫೈಬರ್ ಬಾಕ್ಸ್, ರೂಟರ್ ಎರಡೂ ಆಗಷ್ಟೇ ಮತ್ತೆ ಶುರುವಾಗುತ್ತಿರುತ್ತವೆ, ಅವಕ್ಕೆ ಕೆಲವು ನಿಮಿಷ ಬೇಕು. ನೀವು ಅದೇ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು ‘ಸ್ಲೀಪ್‌ನಿಂದ ಎದ್ದರೆ ನೆಟ್ ಇಲ್ಲ’ ಎನ್ನುತ್ತೀರಿ. ಇದಕ್ಕೆ ಮದ್ದು ರೂಟರಿಗೊಂದು ಮಿನಿ ಯುಪಿಎಸ್. ಕೊಳ್ಳುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಓದಿಕೊಳ್ಳಿ. ಹೆಚ್ಚಿನವು 12 ವೋಲ್ಟ್, ಆದರೆ 9 ವೋಲ್ಟಿನವೂ ಇವೆ. ವೋಲ್ಟ್ ಸರಿಯಾಗಿ ಅದೇ ಇರಬೇಕು. ಆಂಪಿಯರ್ ಅಷ್ಟೇ ಇರಲಿ, ಇಲ್ಲವೇ ಜಾಸ್ತಿ ಇರಲಿ, ಕಡಿಮೆ ಬೇಡ. ಫೈಬರ್ ಬಾಕ್ಸ್ ಮತ್ತು ರೂಟರ್ ಬೇರೆ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೆ ಕೊಟ್ಟು ಇನ್ನೊಂದನ್ನು ಬಿಟ್ಟವರು ಬಹಳ ಜನ.

ಮನೆಯಲ್ಲಿ ಇನ್ವರ್ಟರ್ ಇದ್ದೂ ರೂಟರ್ ಪ್ರತಿ ಸಲ ಆಫ್ ಆಗುತ್ತಿದ್ದರೆ ಇನ್ವರ್ಟರಿನ ಮೇಲೆ ಯುಪಿಎಸ್ ಮೋಡ್‌ನ ಸ್ವಿಚ್ ಇದೆಯಾ ನೋಡಿ. ಆ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ಬೇಗ. ಆದರೆ ವೋಲ್ಟೇಜ್ ಕಡಿಮೆ ಇರುವ ಊರಿನಲ್ಲಿ ಅದು ಮಾತುಮಾತಿಗೆ ಬ್ಯಾಟರಿಗೆ ಹೋಗುತ್ತದೆ. ಅಂಥ ಕಡೆ ಮಿನಿ ಯುಪಿಎಸ್ಸೇ ವಾಸಿ.

ಫೋನಿಗೆ ಬರುತ್ತಿದೆ, ಕಂಪ್ಯೂಟರಿಗೆ ಮಾತ್ರ ಇಲ್ಲ ಎಂದಾದರೆ ಮುಂದೆ ಓದಿ.

ಎರಡನೆಯದು: ರೀಸ್ಟಾರ್ಟ್ ಮಾಡದೆ ಎಬ್ಬಿಸಿ

ಕಂಪ್ಯೂಟರ್ ವೈಫೈಯಲ್ಲಿದ್ದರೆ ಅದರ ಏರೋಪ್ಲೇನ್ ಮೋಡ್ ಆನ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆಫ್ ಮಾಡಿ. ನೆಟ್ ಬಂತೇ? ಹಾಗಿದ್ದರೆ ಕಾರ್ಡ್ ಕೆಟ್ಟಿಲ್ಲ, ಏಳಲು ತಕರಾರು ಮಾಡುತ್ತಿದೆ ಅಷ್ಟೇ. ಇದು ತಾತ್ಕಾಲಿಕ ಉಪಾಯ. ಮೀಟಿಂಗ್ ಶುರುವಾಗಲು ಎರಡು ನಿಮಿಷ ಇರುವಾಗ ಸಾಕು, ದಿನಾ ಇದನ್ನೇ ಮಾಡುತ್ತಾ ಕೂರಬೇಡಿ.

ಮೂರನೆಯದು: ಆ ಟಿಕ್ ತೆಗೆಯಿರಿ

ಎಲ್ಲರೂ ಎಡವುವುದು ಇಲ್ಲೇ. ನಿಧಾನವಾಗಿ ಮಾಡಿ.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ. ಬರುವ ಪಟ್ಟಿಯಲ್ಲಿ ‘ಡಿವೈಸ್ ಮ್ಯಾನೇಜರ್’ ಇದೆ, ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಪಕ್ಕದ ಬಾಣ ಒತ್ತಿದರೆ ಕೆಳಗೆ ಹೆಸರುಗಳ ಸಾಲೇ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಿ ಮೊದಲು ಕಂಡದ್ದನ್ನು ತೆರೆಯುವವರೇ ಹೆಚ್ಚು. ಮೊದಲು ಕಾಣುವುದು ಸಾಮಾನ್ಯವಾಗಿ ಬ್ಲೂಟೂತ್. ಅದು ನಿಮಗೆ ಬೇಕಾದದ್ದಲ್ಲ. ‘ವ್ಯಾನ್ ಮಿನಿಪೋರ್ಟ್’ ಎಂದು ಶುರುವಾಗುವ ಹೆಸರುಗಳೂ ಅಲ್ಲ. ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರಿಸುವಂಥ ಸಾಫ್ಟ್‌ವೇರ್) ಹಾಕಿಕೊಂಡಿದ್ದರೆ ಅದರದ್ದೂ ಒಂದು ಹೆಸರು ಇರುತ್ತದೆ, ಮುಟ್ಟಬೇಡಿ.

ವೈಫೈ ಬಳಸುತ್ತಿದ್ದರೆ ಹೆಸರಿನಲ್ಲಿ ವೈಫೈ, ವೈರ್‌ಲೆಸ್ ಅಥವಾ 802.11 ಎಂದು ಇರುವುದನ್ನು ಹುಡುಕಿ. ಅದರ ಮೊದಲಿಗೆ ಇಂಟೆಲ್, ರಿಯಲ್‌ಟೆಕ್, ಮೀಡಿಯಾಟೆಕ್, ಕ್ವಾಲ್‌ಕಾಮ್ ಎಂದು ತಯಾರಕರ ಹೆಸರು ಇರುತ್ತದೆ. ಆ ಹೆಸರನ್ನು ಪೂರ್ತಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಲ್ಯಾನ್ ಕೇಬಲ್ ಹಾಕಿದ್ದರೆ ‘ಈಥರ್‌ನೆಟ್’ ಅಥವಾ ‘ಜಿಬಿಇ’ ಎಂದು ಇರುವುದು.

ಅದರ ಮೇಲೆ ಡಬಲ್ ಕ್ಲಿಕ್ ಮಾಡಿ. ಮೇಲಿನ ಟ್ಯಾಬ್‌ಗಳಲ್ಲಿ ‘ಪವರ್ ಮ್ಯಾನೇಜ್‌ಮೆಂಟ್’ ಒತ್ತಿ. ಮೊದಲ ಸಾಲು ‘ಅಲೌ ದ ಕಂಪ್ಯೂಟರ್ ಟು ಟರ್ನ್ ಆಫ್ ದಿಸ್ ಡಿವೈಸ್ ಟು ಸೇವ್ ಪವರ್’. ಅದರ ಮುಂದಿನ ಟಿಕ್ ತೆಗೆಯಿರಿ. ತೆಗೆದ ಕೂಡಲೇ ಕೆಳಗಿನ ಸಾಲುಗಳು ಮಂಕಾಗುತ್ತವೆ. ಏನೋ ಕೆಟ್ಟಿತು ಅಂತ ಟಿಕ್ ವಾಪಸ್ ಹಾಕಿಬಿಡುತ್ತಾರೆ. ಏನೂ ಕೆಟ್ಟಿಲ್ಲ, ಅದು ಹಾಗೇ ಆಗಬೇಕು. ಕೆಳಗೆ ‘ಓಕೆ’ ಒತ್ತಿಯೇ ಹೊರಬನ್ನಿ. ಮೂಲೆಯ ಗುಣಾಕಾರ ಚಿಹ್ನೆ ಒತ್ತಿ ಮುಚ್ಚಿದರೆ ಬದಲಾವಣೆ ಉಳಿಯುವುದಿಲ್ಲ. ಅಡ್ಮಿನ್ ಅಕೌಂಟ್ ಅಲ್ಲದಿದ್ದರೆ ಇಲ್ಲಿ ನೋಡಬಹುದು, ಬದಲಿಸಲಾಗುವುದಿಲ್ಲ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ನೀವೇ ಕೈ ಹಾಕದೆ ಕಂಪನಿಯ ಐಟಿಯವರಿಗೆ ಈ ಸಾಲನ್ನೇ ಹೇಳಿ ಮಾಡಿಸಿಕೊಳ್ಳಿ.

ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಡಾಂಗಲ್ ಇದ್ದರೆ ಇನ್ನೂ ಒಂದು ಕೆಲಸ ಇದೆ. ಅದೇ ಡಿವೈಸ್ ಮ್ಯಾನೇಜರ್‌ನ ಕೊನೆಯಲ್ಲಿ ‘ಯುಎಸ್‌ಬಿ ರೂಟ್ ಹಬ್’ ಎಂದು ಕಾಣುವ ಪ್ರತಿಯೊಂದನ್ನೂ ತೆರೆದು ಅದೇ ಟಿಕ್ ತೆಗೆಯಬೇಕು. ಡಾಂಗಲ್‌ಗೆ ಕರೆಂಟ್ ಬರುವುದು ಆ ಹಬ್ ಮೂಲಕ. ಹಬ್ ಮಲಗಿದರೆ ಡಾಂಗಲ್ ಎಚ್ಚರವಿದ್ದೂ ಏನು ಬಂತು? ಹೆಸರೇ ಇಲ್ಲದ ಅಗ್ಗದ ಡಾಂಗಲ್‌ಗಳನ್ನು ಕೊಳ್ಳಬೇಡಿ. ಅವುಗಳ ಡ್ರೈವರ್ ಸಿಗುವುದೇ ಕಷ್ಟ. ತಯಾರಕರ ವೆಬ್‌ಸೈಟ್‌ನಲ್ಲಿ ಡ್ರೈವರ್ ಇದೆಯೇ ಎಂದು ನೋಡಿಯೇ ದುಡ್ಡು ಕೊಡಿ.

ಈಗ ಪರೀಕ್ಷೆ. ಸ್ಟಾರ್ಟ್, ಪವರ್, ಸ್ಲೀಪ್. ಒಂದು ನಿಮಿಷಕ್ಕೇ ಎಬ್ಬಿಸಿ ‘ಸರಿಯಾಯ್ತು’ ಅನ್ನಬೇಡಿ. ಚಿಕ್ಕ ನಿದ್ದೆಯಲ್ಲಿ ತೊಂದರೆ ಕಾಣದೆ, ದೀರ್ಘ ನಿದ್ದೆಯ ನಂತರ ಕಾಣುವ ಯಂತ್ರಗಳು ಬಹಳ. ಮೊದಲು ಎಷ್ಟು ಹೊತ್ತು ಮಲಗಿದ ಮೇಲೆ ನೆಟ್ ಹೋಗುತ್ತಿತ್ತೋ ಅಷ್ಟು ಹೊತ್ತಾದರೂ ಬಿಡಿ. ರಾತ್ರಿ ಪೂರ್ತಿ ಬಿಟ್ಟರೆ ಒಳ್ಳೆಯದು. ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪರೀಕ್ಷಿಸಿ, ಚೀಟಿಯಲ್ಲಿ ಬರೆದಿಡಿ. ಒಟ್ಟಿಗೆ ಐದಾರು ತಿರುಗಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ಯಾರಿಗೂ ತಿಳಿಯುವುದಿಲ್ಲ.

ಡ್ರೈವರ್ ಬದಲಾದಾಗ ಈ ಟಿಕ್ ತಾನಾಗಿ ವಾಪಸ್ ಬರುವುದುಂಟು. ಕೆಲವು ತಿಂಗಳ ನಂತರ ತೊಂದರೆ ಮರುಕಳಿಸಿದರೆ ಮೊದಲು ಇಲ್ಲೇ ನೋಡಿ.

ಪವರ್ ಮ್ಯಾನೇಜ್‌ಮೆಂಟ್ ಟ್ಯಾಬೇ ಇಲ್ಲವೇ?

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೀಗಾಗುತ್ತದೆ. ಅಲ್ಲಿ ನಿದ್ದೆಯೇ ಬೇರೆ ಬಗೆಯದು. ಹಳೆಯ ಎಸ್3 ನಿದ್ದೆಯಲ್ಲಿ ಮೆಮೊರಿ ಬಿಟ್ಟು ಬಹುತೇಕ ಎಲ್ಲ ಆರುತ್ತಿತ್ತು. ಹೊಸ ಎಸ್0 ನಿದ್ದೆಯಲ್ಲಿ ಯಂತ್ರ ಫೋನಿನ ಹಾಗೆ ಅರೆ ಎಚ್ಚರದಲ್ಲಿ ಇರುತ್ತದೆ. ನಿಮ್ಮದು ಯಾವುದು ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷಿನಲ್ಲಿ ‘ಪವರ್’ ಎಂದು ಬರೆಯಿರಿ. ಅದಕ್ಕೆ ಅಂಟಿಸಿಯೇ ಸಿ, ಎಫ್, ಜಿ ಅಕ್ಷರ ಹಾಕಿ. ಒಂದು ಸ್ಪೇಸ್ ಬಿಟ್ಟು ಮುಂದಕ್ಕೆ ವಾಲಿದ ಗೆರೆ, ಅದರ ಪಕ್ಕ ಎ ಅಕ್ಷರ (powercfg /a). ಎಂಟರ್ ಒತ್ತಿ. ಸಿಗುವ ನಿದ್ದೆಗಳ ಪಟ್ಟಿಯಲ್ಲಿ ಎಸ್0 ಇದ್ದರೆ ನಿಮ್ಮದು ಹೊಸ ಬಗೆ.

ಇಂಥ ಯಂತ್ರಕ್ಕೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ಒಂದು ಸಾಲು ಸೇರಿಸಿ ಹಳೆಯ ನಿದ್ದೆಗೆ ತಿರುಗಿಸಿ ಎಂದು ಯೂಟ್ಯೂಬಿನಲ್ಲಿ ಹೇಳಿಕೊಡುತ್ತಾರೆ. ಮಾಡಬೇಡಿ. ತಯಾರಕರು ಹಳೆಯ ನಿದ್ದೆಯನ್ನು ಕೊಟ್ಟೇ ಇಲ್ಲದಿದ್ದರೆ ಯಂತ್ರಕ್ಕೆ ಸ್ಲೀಪ್ ಎಂಬುದೇ ಇಲ್ಲವಾಗುತ್ತದೆ.

ಅದರ ಬದಲು ಹೈಬರ್ನೇಟ್ ಬಳಸಿ. ಹೈಬರ್ನೇಟ್‌ನಲ್ಲಿ ತೆರೆದ ಕೆಲಸವೆಲ್ಲ ಡಿಸ್ಕ್‌ಗೆ ಹೋಗಿ ಯಂತ್ರ ಪೂರ್ತಿ ಆರುತ್ತದೆ. ಎದ್ದಾಗ ಕಾರ್ಡ್ ಮೊದಲಿಂದ ಶುರುವಾಗುವುದರಿಂದ ನೆಟ್ ಸಿಗುವ ಸಾಧ್ಯತೆ ಜಾಸ್ತಿ. ಏಳುವುದು ಸ್ವಲ್ಪ ತಡ, ಅಷ್ಟೇ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ನಲ್ಲಿ ಮುಚ್ಚಳ ಮುಚ್ಚಿದಾಗ ಏನಾಗಬೇಕು ಎಂದು ಆರಿಸುವ ಜಾಗವಿದೆ. ಅಲ್ಲಿ ಹೈಬರ್ನೇಟ್ ಇಡಿ. ಪಟ್ಟಿಯಲ್ಲಿ ಕಾಣದಿದ್ದರೆ ಅದೇ ಪುಟದ ಮೇಲ್ಭಾಗದಲ್ಲಿ ‘ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್’ ಒತ್ತಿ, ಕೆಳಗೆ ಹೈಬರ್ನೇಟ್‌ಗೆ ಟಿಕ್ ಹಾಕಿ. ಅಲ್ಲೇ ‘ಫಾಸ್ಟ್ ಸ್ಟಾರ್ಟಪ್’ ಟಿಕ್ ಕೂಡ ತೆಗೆಯಿರಿ. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಹಳೆಯ ತಕರಾರು ಮರುದಿನಕ್ಕೂ ಉಳಿಯಬಹುದು.

ಮಲೆನಾಡಿನ ಮನೆಗಳಿಗೆ ಹೈಬರ್ನೇಟ್ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಡೆಸ್ಕ್‌ಟಾಪ್ ಸ್ಲೀಪ್‌ನಲ್ಲಿದ್ದಾಗ ಕರೆಂಟ್ ಹೋದರೆ ಸೇವ್ ಮಾಡದ ಕೆಲಸ ಹೋಗಿಬಿಡಬಹುದು. ಹೈಬರ್ನೇಟ್‌ನಲ್ಲಿ ಆ ಭಯವಿಲ್ಲ. ಆಗುಂಬೆ ಕಡೆಯವರಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ಸಣ್ಣ ಲಾಭವಲ್ಲ.

ನಾಲ್ಕನೆಯದು: ಡ್ರೈವರ್

ಟಿಕ್ ತೆಗೆದರೂ ಆಗಲಿಲ್ಲ ಎಂದರೆ ಡ್ರೈವರ್ ಕಡೆ ಬನ್ನಿ. ಇಲ್ಲಿ ಒಂದೇ ಎಚ್ಚರಿಕೆ: ಹೊಸ ಡ್ರೈವರ್ ಇಳಿಸಿಕೊಳ್ಳದೆ ಹಳೆಯದನ್ನು ಅಳಿಸಬೇಡಿ. ಅಳಿಸಿದ ಮೇಲೆ ನೆಟ್ಟೇ ಇಲ್ಲದೆ ಹೊಸದನ್ನು ಎಲ್ಲಿಂದ ತರುತ್ತೀರಿ? ಆಗಲೇ ಅಳಿಸಿಬಿಟ್ಟಿದ್ದರೆ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ವೈಫೈ ಕಾರ್ಡ್ ಇಲ್ಲದೆಯೂ ನೆಟ್ ಬರುತ್ತದೆ.

ಡ್ರೈವರ್ ತರಬೇಕಾದದ್ದು ಲ್ಯಾಪ್‌ಟಾಪ್ ತಯಾರಕರ ವೆಬ್‌ಸೈಟ್‌ನಿಂದ, ನಿಮ್ಮ ಮಾಡೆಲ್ ನಂಬರ್ ಹಾಕಿ. ಬರೆದಿಟ್ಟುಕೊಂಡ ಕಾರ್ಡಿನ ಹೆಸರು ಈಗ ಕೆಲಸಕ್ಕೆ ಬರುತ್ತದೆ, ಒಂದೇ ಮಾಡೆಲ್‌ನಲ್ಲಿ ಎರಡು ಮೂರು ಬಗೆಯ ಕಾರ್ಡ್ ಇರಬಹುದು. ‘ಒಂದೇ ಕ್ಲಿಕ್‌ನಲ್ಲಿ ಎಲ್ಲ ಡ್ರೈವರ್ ಅಪ್‌ಡೇಟ್’ ಎನ್ನುವ ಸಾಫ್ಟ್‌ವೇರ್‌ಗಳನ್ನು ಹಾಕಲೇಬೇಡಿ. ಸರಿಯಿದ್ದ ಡ್ರೈವರ್‌ಗಳನ್ನೂ ಬದಲಿಸಿ, ಬೇಡದ ಜಾಹೀರಾತು ತುಂಬಿ, ಕೊನೆಗೆ ದುಡ್ಡು ಕೇಳುತ್ತವೆ.

ವಿಂಡೋಸ್ ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಹೊಸದು ಬೇಡ, ಹಿಂದಿನದೇ ಬೇಕು. ಕಾರ್ಡಿನ ‘ಡ್ರೈವರ್’ ಟ್ಯಾಬ್‌ನಲ್ಲಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ. ಅದು ಮಂಕಾಗಿದ್ದರೆ ಹಳೆಯದು ಉಳಿದಿಲ್ಲ ಎಂದರ್ಥ, ತಯಾರಕರ ಪುಟದಲ್ಲಿ ಹಿಂದಿನ ಆವೃತ್ತಿ ಹುಡುಕಿ.

ಉಳಿದ ಸಣ್ಣಪುಟ್ಟವು

ವೈಫೈ ಸೇರಿದೆ, ಆದರೆ ನೆಟ್ ಇಲ್ಲ ಎಂದು ತೋರಿಸಿದರೆ ಸೆಟ್ಟಿಂಗ್ಸ್‌ನಲ್ಲಿ ಐಪಿವಿ4 ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿಗೆ ಇರುವ ನಂಬರ್) ನೋಡಿ. 169.254 ಎಂದು ಶುರುವಾದರೆ ರೂಟರ್ ವಿಳಾಸ ಕೊಟ್ಟಿಲ್ಲ, ವಿಂಡೋಸ್ ತಾನೇ ಒಂದನ್ನು ಇಟ್ಟುಕೊಂಡಿದೆ. ವೈಫೈ ಬಿಡಿಸಿ ಮತ್ತೆ ಸೇರಿಸಿ.

ವಿಪಿಎನ್ ಬಳಸುವವರು ಲ್ಯಾಪ್‌ಟಾಪ್ ಮುಚ್ಚುವ ಮೊದಲು ಅದನ್ನು ಡಿಸ್‌ಕನೆಕ್ಟ್ ಮಾಡಿ. ಎದ್ದ ಮೇಲೆ ಅದು ಅರ್ಧಕ್ಕೆ ನಿಂತು ಪೂರ್ತಿ ನೆಟ್ಟನ್ನೇ ತಡೆಯುವುದುಂಟು.

ಲ್ಯಾನ್ ಕೇಬಲ್‌ನವರು ಕಾರ್ಡಿನ ‘ಅಡ್ವಾನ್ಸ್ಡ್’ ಟ್ಯಾಬ್‌ನಲ್ಲಿ ‘ಎನರ್ಜಿ ಎಫಿಶಿಯೆಂಟ್ ಈಥರ್‌ನೆಟ್’ ಮತ್ತು ‘ಗ್ರೀನ್ ಈಥರ್‌ನೆಟ್’ ಇದ್ದರೆ ಡಿಸೇಬಲ್ ಮಾಡಿ ನೋಡಿ. ಪೋರ್ಟಿನ ದೀಪ ನಿದ್ದೆಗೆ ಮುಂಚೆಯೂ ಉರಿಯದಿದ್ದರೆ ಇದು ಬೇರೆಯೇ ಕಾಯಿಲೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಲ್ಯಾನ್ ಪೋರ್ಟ್ ಸುಡುವುದು ನಮ್ಮಲ್ಲಿ ಸಾಮಾನ್ಯ. ಮೋಡ ಕಟ್ಟಿದಾಗ ಪವರ್ ಪ್ಲಗ್ ತೆಗೆದರೆ ಸಾಲದು, ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ.

‘ನೆಟ್‌ವರ್ಕ್ ರೀಸೆಟ್’ ಎಲ್ಲಕ್ಕಿಂತ ಕೊನೆಗೆ. ಉಳಿಸಿದ ವೈಫೈ ಪಾಸ್‌ವರ್ಡ್‌ಗಳೆಲ್ಲ ಅಳಿಸಿ ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ.

ಇಷ್ಟಾದರೂ ಆಗದಿದ್ದರೆ ಕಾರ್ಡ್ ಬದಲಿಸುವ ಮಾತು. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಕಾರ್ಡ್ ಪುಟ್ಟ ತುಂಡು, ಬಿಚ್ಚಿ ಹಾಕಬಹುದು. ತೆಳ್ಳನೆಯ ಕೆಲವದರಲ್ಲಿ ಬೋರ್ಡಿಗೇ ಬೆಸೆದಿರುತ್ತಾರೆ, ಆಗ ಯುಎಸ್‌ಬಿ ಡಾಂಗಲ್ಲೇ ಗತಿ. ಅಂಗಡಿಗೆ ಹೋಗುವಾಗ ಕಾರ್ಡಿನ ಹೆಸರು, ಲ್ಯಾಪ್‌ಟಾಪ್ ಮಾಡೆಲ್ ಮತ್ತು ಏನೇನು ಮಾಡಿ ನೋಡಿದ್ದೀರಿ ಎಂಬ ಆ ಚೀಟಿ ಜೊತೆಗಿರಲಿ. ‘ವಿಂಡೋಸ್ ಹೊಸದಾಗಿ ಹಾಕೋಣ’ ಎಂದು ಅವರು ಶುರು ಮಾಡಿದರೆ ಚೀಟಿ ತೋರಿಸಿ, ಮೊದಲು ಬೇರೆ ಕಾರ್ಡ್ ಹಾಕಿ ಒಂದು ರಾತ್ರಿ ಸ್ಲೀಪ್‌ನಲ್ಲಿಟ್ಟು ನೋಡಲು ಹೇಳಿ.