ಹಾಲು ಸಾಲುತ್ತಿಲ್ಲವೇನೋ ಎಂದವರಿಗೆ ಲಂಗೋಟಿಯ ಲೆಕ್ಕ

ಹೆರಿಗೆಯಾದ ಮನೆಯಲ್ಲಿ ಮಗು ಅತ್ತರೆ ಸಾಕು, ಯಾರಾದರೊಬ್ಬರು "ಹಾಲು ಸಾಲುತ್ತಿಲ್ಲವೇನೋ" ಎಂದುಬಿಡುತ್ತಾರೆ. ಮಗುವಿಗೆ ಸೆಕೆಯಾಗಿರಬಹುದು, ನಿದ್ದೆ ಬಂದಿರಬಹುದು, ಎತ್ತಿಕೊಳ್ಳಲಿ ಎಂಬ ಆಸೆಯಿರಬಹುದು. ದೂರು ಮಾತ್ರ ತಾಯಿಯ ಎದೆಯ ಮೇಲೆಯೇ. ನನ್ನ ವಿಷಯದಲ್ಲಿ ಈ ಮಾತು ಅತ್ತೆಯಿಂದ ಬಂತು, ಅಮ್ಮನಿಂದ ಬಂತು, ಮಗು ನೋಡಲು ಬಂದವರಿಂದಂತೂ ಬಾಗಿಲಲ್ಲೇ ಬಂತು. ವಾದಕ್ಕೆ ಇಳಿಯುವ ಶಕ್ತಿ ನನಗಿರಲಿಲ್ಲ. ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಟ್ಟುಕೊಂಡು ಒದ್ದೆಯಾದ ಲಂಗೋಟಿಗಳನ್ನು ಎಣಿಸತೊಡಗಿದೆ.

ಎದೆಯ ಮೇಲೆ ಮಿ.ಲೀ. ಗುರುತುಗಳಿಲ್ಲ. ಒಳಗೆ ಎಷ್ಟು ಹೋಯಿತೆಂದು ತಿಳಿಯಬೇಕಾದರೆ ಹೊರಗೆ ಎಷ್ಟು ಬಂತೆಂದು ನೋಡಬೇಕು. ಮೊದಲ ದಿನ ಒಂದೆರಡು ಲಂಗೋಟಿ ಒದ್ದೆಯಾದರೂ ಸಾಕು, ಆಮೇಲೆ ದಿನದಿನಕ್ಕೂ ಏರಬೇಕು. 5ನೇ ದಿನದಿಂದ ಮುಂದೆ 24 ಗಂಟೆಗಳಲ್ಲಿ ಕನಿಷ್ಠ 6 ಸಲ, ಅದೂ ತಿಳಿಬಣ್ಣದ ಮೂತ್ರವಾಗಿರಬೇಕು. ಮಲ ಮೊದಲು ಕಪ್ಪಗೆ ಅಂಟಂಟಾಗಿ, ಬಳಿಕ ಹಸಿರಾಗಿ, 5ನೇ ದಿನದ ಹೊತ್ತಿಗೆ ಹಳದಿಗೆ ತಿರುಗಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ. ಇಳಿಕೆ ಶೇ 10ನ್ನು ಮುಟ್ಟುತ್ತಿದ್ದರೆ ವೈದ್ಯರು ನೋಡಲೇಬೇಕು. ಸುಮಾರು ಎರಡು ವಾರಕ್ಕೆ ಮಗು ತನ್ನ ಹುಟ್ಟುತೂಕಕ್ಕೆ ಮರಳುತ್ತದೆ.

ನೋಟ್‌ಬುಕ್ಕನ್ನು ಅತ್ತೆಯ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಸಾಲು ಸಾಲಾಗಿ ಓದಿದರು. "ನಿನ್ನೆ ಸಂಜೆಯದ್ದು ಬರೆದೇ ಇಲ್ಲವಲ್ಲ, ನಾನೇ ಅಲ್ಲವೇ ಬದಲಾಯಿಸಿದ್ದು" ಎಂದರು. ಅಂದಿನಿಂದ ಲೆಕ್ಕ ಬರೆಯುವ ಕೆಲಸ ಅವರದಾಯಿತು. ನೋಡಲು ಬಂದವರಿಗೆ ಉತ್ತರ ಹೇಳುವ ಕೆಲಸವನ್ನೂ ಅವರೇ ವಹಿಸಿಕೊಂಡರು.

ಆದರೆ ಲೆಕ್ಕ ಸರಿಹೋಗುವ ಮುಂಚೆ ನೋವನ್ನು ದಾಟಬೇಕಿತ್ತು. ಮಗು ಬಾಯಿ ಹಾಕಿದಾಗಲೆಲ್ಲ ಕಾಲಿನ ಹೆಬ್ಬೆರಳು ಮಡಚಿಕೊಳ್ಳುವಷ್ಟು ನೋವು. ಮೊದಮೊದಲು ಹೀಗೇ, ಸಹಿಸಿಕೋ ಎಂದರು ಹಲವರು. ಮೊದಲ ಕೆಲವು ದಿನ ಬಾಯಿ ಹಾಕಿದ ಕ್ಷಣ ಸ್ವಲ್ಪ ಚುರುಗುಟ್ಟುವುದು ಬೇರೆ. ಕುಡಿಯುವಷ್ಟು ಹೊತ್ತೂ ನೋಯುತ್ತಿದ್ದರೆ, ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಎಲ್ಲೋ ಹಿಡಿತ ತಪ್ಪಿದೆ ಎಂದೇ ಅರ್ಥ. ಇದನ್ನು ನನಗೆ ತೋರಿಸಿಕೊಟ್ಟವರು ರಾತ್ರಿ ಪಾಳಿಯ ಒಬ್ಬ ನರ್ಸ್. "ಮಗು ಬಿಟ್ಟ ಮೇಲೆ ತೊಟ್ಟು ಹೇಗಿದೆ ನೋಡಮ್ಮ" ಎಂದರು. ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಒಂದು ಕಡೆಗೆ ಓರೆಯಾಗಿ ಚಪ್ಪಟೆಯಾಗಿತ್ತು. ಮಗು ತೊಟ್ಟನ್ನಷ್ಟೇ ಹಿಡಿದು ವಸಡಿಗೂ ಗಟ್ಟಿ ಅಂಗುಳಕ್ಕೂ ನಡುವೆ ಜಜ್ಜುತ್ತಿತ್ತು. ತೊಟ್ಟು ಬಾಯಿಯ ಹಿಂಭಾಗದ ಮೆತ್ತನೆಯ ಅಂಗುಳದವರೆಗೆ ಹೋಗಬೇಕು, ಅಲ್ಲಿ ಅದನ್ನು ಜಜ್ಜುವಂಥದ್ದು ಏನೂ ಇಲ್ಲ.

ಅವರು ಹೇಳಿಕೊಟ್ಟ ಕ್ರಮವನ್ನೇ ಕೊನೆಯವರೆಗೂ ಅನುಸರಿಸಿದೆ. ಮಗುವಿನ ಹೊಟ್ಟೆ ನನ್ನ ಮೈಗೆ ಅಂಟಿರಬೇಕು. ಕುಡಿಯಲು ಅದು ಕತ್ತು ತಿರುಗಿಸುವಂತಿರಬಾರದು. ತಲೆಯನ್ನು ಹಿಂದಿನಿಂದ ಒತ್ತಬಾರದು, ಕತ್ತಿನ ಬುಡಕ್ಕೂ ಭುಜಗಳಿಗೂ ಅಂಗೈ ಆಸರೆ ಕೊಟ್ಟರೆ ಸಾಕು. ತೊಟ್ಟು ಮಗುವಿನ ಬಾಯಿಗಲ್ಲ, ಮೂಗಿಗೆ ನೇರವಾಗಿರಬೇಕು. ತೊಟ್ಟಿನಿಂದ ಮೇಲ್ದುಟಿಯನ್ನು ಸವರಿದರೆ ಅದು ತಲೆಯನ್ನು ಕೊಂಚ ಹಿಂದಕ್ಕೆ ಚೆಲ್ಲಿ, ಆಕಳಿಸುವಷ್ಟು ಅಗಲವಾಗಿ ಬಾಯಿ ತೆರೆಯುತ್ತದೆ. ಆ ಅರೆಕ್ಷಣ ಸಿಗುವವರೆಗೆ ಕಾಯಬೇಕು. ಸಿಕ್ಕಿತೋ, ಮಗುವನ್ನು ಎದೆಗೆ ತಂದುಕೊಳ್ಳಬೇಕು. ನಾವು ಬಾಗಿ ಎದೆಯನ್ನು ಅದರ ಬಾಯಿಗೆ ತುರುಕಬಾರದು. ಬೆನ್ನುನೋವು ಶುರುವಾಗುವುದೇ ಹಾಗೆ ಬಾಗುವುದರಿಂದ. ಗದ್ದ ಮೊದಲು ತಾಗಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳತುಟಿಯ ಕಡೆಗಿಂತ ಮೇಲ್ದುಟಿಯ ಕಡೆ ಹೆಚ್ಚು ಕಾಣುತ್ತಿರಬೇಕು. ಆಮೇಲೆ ಕಿವಿಗೊಡಬೇಕು: ಮೊದಲು ಚುರುಕಾದ ಚೀಪು, ಹಾಲು ಇಳಿದ ಮೇಲೆ ನಿಧಾನಕ್ಕೆ ಆಳವಾದ ಚೀಪು, ನಡುನಡುವೆ ಗುಟುಕು ನುಂಗುವ ಮೆಲುಸದ್ದು. ಚಟಚಟ ಎಂದು ನಾಲಿಗೆಯ ಸದ್ದು ಬಂದರೆ, ಕೆನ್ನೆ ಒಳಕ್ಕೆ ಗುಳಿ ಬಿದ್ದರೆ ಹಿಡಿತ ಸಡಿಲವಾಗಿದೆ ಎಂದು ಗೊತ್ತಾಗುತ್ತದೆ. ಆಗ ಎಳೆದು ಬಿಡಿಸಬಾರದು. ಬಾಯಿಯ ಮೂಲೆಯಲ್ಲಿ ಕಿರುಬೆರಳು ತೂರಿಸಿದರೆ ತಾನಾಗಿ ಬಿಡುತ್ತದೆ. ಮತ್ತೆ ಮೊದಲಿನಿಂದ.

ನನ್ನದು ಸಿಸೇರಿಯನ್ ಆಗಿದ್ದರಿಂದ ಹೊಟ್ಟೆಯ ಹೊಲಿಗೆಯ ಮೇಲೆ ಮಗುವಿನ ಭಾರ ಬೀಳುವಂತಿರಲಿಲ್ಲ. ಮಗುವನ್ನು ಕಂಕುಳ ಕೆಳಗೆ, ಕಾಲುಗಳು ನನ್ನ ಬೆನ್ನಿನ ಕಡೆಗೆ ಚಾಚುವಂತೆ ದಿಂಬಿನ ಮೇಲೆ ಮಲಗಿಸಿಕೊಳ್ಳುತ್ತಿದ್ದೆ. ಹೀಗೆ ಕೂತರೆ ಮಗುವಿನ ಬಾಯಿಯೂ ಚೆನ್ನಾಗಿ ಕಾಣುತ್ತದೆ, ಹೊಸದಾಗಿ ಕಲಿಯುವವರಿಗೆ ಅದೇ ದೊಡ್ಡ ಅನುಕೂಲ. ಹಿಡಿತ ಸರಿಹೋದ ಮೇಲೆ ಬಿರುಕುಗಳು ಬೇಗ ಮಾಗಿದವು. ಕುಡಿಸಿದ ಮೇಲೆ ಎರಡು ಹನಿ ಹಾಲನ್ನೇ ಸವರಿ ಗಾಳಿಗೆ ಒಣಗಿಸುತ್ತಿದ್ದೆ, ಅಷ್ಟೆ. ಹಿಡಿತ ಎಷ್ಟು ತಿದ್ದಿದರೂ ನೋವು ಹೋಗದಿದ್ದರೆ ಮಗುವಿನ ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿದೆಯೇ, ತೊಟ್ಟಿಗೆ ಸೋಂಕು ತಗಲಿದೆಯೇ ಎಂದು ವೈದ್ಯರಿಂದ ನೋಡಿಸಬೇಕು.

ಮೊದಲ ದಿನಗಳ ಹಳದಿ ಹಾಲು ಚಮಚದ ಲೆಕ್ಕದ್ದು. ಮಗುವಿನ ಹೊಟ್ಟೆಯೂ ಒಂದು ಸಲಕ್ಕೆ ಹಿಡಿಸುವುದು ಕೆಲವೇ ಮಿ.ಲೀ. ಮಾಸು ಹೊರಬಿದ್ದು ದೇಹದ ಪ್ರೊಜೆಸ್ಟೆರಾನ್ ಎಂಬ ಹಾರ್ಮೋನು ಇಳಿದ ಮೇಲೆಯೇ ಹಾಲು ತುಂಬಿ ಬರುವುದು, ಸಾಮಾನ್ಯವಾಗಿ 2ರಿಂದ 4ನೇ ದಿನದೊಳಗೆ. ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡವಾಗಬಹುದು. ಬಂದಾಗ ನನಗೆ ಒಂದೇ ರಾತ್ರಿಯಲ್ಲಿ ಬಂತು. ಎದೆ ಕಲ್ಲಾಯಿತು, ತೊಟ್ಟು ಚಪ್ಪಟೆಯಾಗಿ ಮಗುವಿಗೆ ಹಿಡಿಯಲು ಏನೂ ಸಿಗದೆ ರಚ್ಚೆ ಹಿಡಿಯಿತು. ಹಾಲಿಲ್ಲವೆಂದು ಕೊರಗುತ್ತಿದ್ದ ಮನೆಯವರೇ ಈಗ ಹಾಲು ಹೆಚ್ಚಾಯಿತೆಂದು ಗಾಬರಿಯಾದರು. ಅಂಥ ಹೊತ್ತಿನಲ್ಲಿ ತೊಟ್ಟಿನ ಸುತ್ತ ಬೆರಳ ತುದಿಗಳನ್ನಿಟ್ಟು ಒಂದು ನಿಮಿಷ ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದರೆ ಊತ ಹಿಂದೆ ಸರಿದು ಆ ಜಾಗ ಮೆತ್ತಗಾಗುತ್ತದೆ. ಬಿಗಿತ ಸಡಿಲಾಗುವಷ್ಟು ಮಾತ್ರ ಕೈಯಿಂದ ಹಿಂಡಿ ಮಗುವಿಗೆ ಕೊಡುತ್ತಿದ್ದೆ, ನಡುವೆ ತಣ್ಣನೆಯ ಬಟ್ಟೆ ಇಟ್ಟುಕೊಳ್ಳುತ್ತಿದ್ದೆ. ಪೂರ್ತಿ ಬರಿದು ಮಾಡುವ ಆಸೆಗೆ ಬೀಳಬಾರದು. ಎಷ್ಟು ಹೊರಬೀಳುತ್ತದೋ ಅಷ್ಟು ಬೇಕಿದೆ ಎಂದೇ ದೇಹ ತಿಳಿಯುತ್ತದೆ.

ಇದೇ ನಿಯಮ ತಿರುಗಿ ನನ್ನ ನೆರವಿಗೂ ಬಂತು. ಸಂಜೆಯಾದರೆ ಮಗು ಮೇಲಿಂದ ಮೇಲೆ ಕುಡಿಯುತ್ತಿತ್ತು. ಬಿಟ್ಟು ಹತ್ತು ನಿಮಿಷಕ್ಕೇ ಮತ್ತೆ ಬಾಯಿ ಚಪ್ಪರಿಸುತ್ತಿತ್ತು. ಹೊರಗಿನವರ ಕಣ್ಣಿಗೆ ಇದು ಹಸಿವು ತೀರದ ಮಗು. ಆದರೆ 24 ಗಂಟೆಗೆ 8ರಿಂದ 12 ಸಲ ಕುಡಿಯುವುದು ಎಳೆಕೂಸಿಗೆ ಸಹಜ, ಆ ಸಲಗಳೆಲ್ಲ ಸಮ ಅಂತರದಲ್ಲಿ ಬರಬೇಕೆಂದೇನೂ ಇಲ್ಲ. ಪುಡಿಹಾಲು ಕೊಟ್ಟು ಮಲಗಿಸಿದ್ದರೆ ಆ ಹೊತ್ತಿನ ಬೇಡಿಕೆ ನನ್ನ ದೇಹಕ್ಕೆ ತಲುಪುತ್ತಲೇ ಇರಲಿಲ್ಲ. ರಾತ್ರಿಯ ಹಾಲನ್ನೂ ಬಿಡಲಿಲ್ಲ, ಏಕೆಂದರೆ ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿಯಲ್ಲೇ ಹೆಚ್ಚು ಒಸರುತ್ತದೆ. ಹಾಲು ನಿಜವಾಗಿಯೂ ಕಡಿಮೆಯಿರುವ ತಾಯಂದಿರೂ ಇದ್ದಾರೆ: ಥೈರಾಯ್ಡ್ ತೊಂದರೆ, ಸ್ತನದ ಶಸ್ತ್ರಚಿಕಿತ್ಸೆ, ಗರ್ಭಕೋಶದಲ್ಲಿ ಉಳಿದ ಮಾಸಿನ ಚೂರು, ಹೀಗೆ ಕಾರಣ ಹಲವು. ಲಂಗೋಟಿ ಒಣಗಿಯೇ ಇದ್ದು, ಮಗು ಮಂಕಾಗಿ ಕುಡಿಯಲೂ ಏಳದೆ ಮಲಗಿದ್ದರೆ ಅದೇ ದಿನ ವೈದ್ಯರ ಬಳಿ ಹೋಗಬೇಕು. ಅಲ್ಲಿ ಪುಡಿಹಾಲು ಬರೆದುಕೊಟ್ಟರೆ ಅದು ಔಷಧ, ಯಾರ ಸೋಲೂ ಅಲ್ಲ. ಈ ಮಾತನ್ನು ಯಾಕೋ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಒಮ್ಮೆ ಎದೆಯ ಒಂದು ಬದಿ ಕೆಂಪಗೆ ಕಾದು, ಮೈಕೈ ನೋವಿನೊಂದಿಗೆ ಜ್ವರವೂ ಬಂತು. ಗಂಟನ್ನು ಬಲವಾಗಿ ತಿಕ್ಕಿ ಕರಗಿಸಬೇಕೆಂದು ಸಲಹೆ ಬಂತು. ವೈದ್ಯೆ ಅದನ್ನು ಖಡಾಖಂಡಿತ ಬೇಡ ಎಂದರು. ತಿಕ್ಕಿದರೆ ಊತ ಹೆಚ್ಚುತ್ತದೆ. ತಣ್ಣನೆಯ ಪಟ್ಟಿ, ಜ್ವರದ ಮಾತ್ರೆ, ಎಂದಿನಂತೆಯೇ ಹಾಲುಣಿಸುವುದು, ಒಂದು ದಿನದಲ್ಲಿ ಇಳಿಯದಿದ್ದರೆ ಆ್ಯಂಟಿಬಯಾಟಿಕ್. ನನಗೆ ಆ್ಯಂಟಿಬಯಾಟಿಕ್ ಬೇಕಾಯಿತು. ಆ ಹಾಲನ್ನು ಮಗು ಕುಡಿದರೆ ಏನೂ ಆಗುವುದಿಲ್ಲ ಎಂದು ಮನೆಯವರನ್ನು ನಂಬಿಸಲು ವೈದ್ಯೆಗೇ ಫೋನ್ ಕೊಡಬೇಕಾಯಿತು.

ವಿಶ್ವ ಆರೋಗ್ಯ ಸಂಸ್ಥೆ ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು ಎನ್ನುತ್ತದೆ. ನನ್ನ ರಜೆ ಅದಕ್ಕಿಂತ ಮೊದಲೇ ಮುಗಿಯುತ್ತಿದ್ದುದರಿಂದ ಬೆಳಗಿನ ಮೊದಲ ಹಾಲಿನ ನಂತರ ಪಂಪ್‌ನಿಂದ ಸ್ವಲ್ಪ ಸ್ವಲ್ಪ ತೆಗೆದಿಡಲು ಶುರುಮಾಡಿದೆ. ಆರಂಭದಲ್ಲಿ ಸೀಸೆಯ ತಳ ಮುಚ್ಚಿದರೆ ಹೆಚ್ಚು. ಪಂಪ್‌ಗೆ ಎಷ್ಟು ಸಿಕ್ಕಿತೋ ಅಷ್ಟೇ ಹಾಲಿದೆ ಎಂದು ತಿಳಿಯಬಾರದು. ಚೆನ್ನಾಗಿ ಹಿಡಿದ ಮಗು ಯಂತ್ರಕ್ಕಿಂತ ಚೆನ್ನಾಗಿ ಎಳೆಯುತ್ತದೆ. ಕಚೇರಿಯಲ್ಲಿ ಮಗುವಿನ ವಿಡಿಯೊ ನೋಡುತ್ತ ಕುಳಿತರೆ ಹಾಲು ಬೇಗ ಇಳಿಯುತ್ತಿತ್ತು, ಗಡಿಯಾರ ನೋಡುತ್ತ ಕುಳಿತರೆ ಇಳಿಯುತ್ತಲೇ ಇರಲಿಲ್ಲ.

ಹಿಂಡಿದ ಹಾಲು 25 ಡಿಗ್ರಿವರೆಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಫ್ರೀಜರ್‌ನಲ್ಲಿಟ್ಟದ್ದನ್ನು 6 ತಿಂಗಳೊಳಗೆ ಬಳಸುವುದು ಒಳ್ಳೆಯದು, ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಬಿಸಿನೀರಿನ ಬಟ್ಟಲಲ್ಲಿಟ್ಟು ಬೆಚ್ಚಗೆ ಮಾಡಬೇಕು, ಮೈಕ್ರೊವೇವ್ ಬೇಡ. ಮಗು ಕುಡಿದು ಉಳಿಸಿದ ಹಾಲನ್ನು 2 ಗಂಟೆಯೊಳಗೆ ಮುಗಿಸದಿದ್ದರೆ ಚೆಲ್ಲಬೇಕು. ಅತ್ತೆಗೆ ಈ ಕೊನೆಯ ನಿಯಮ ಮಾತ್ರ ಹಿಡಿಸಲೇ ಇಲ್ಲ. ಅಷ್ಟು ಕಷ್ಟಪಟ್ಟು ತೆಗೆದದ್ದನ್ನು ಚೆಲ್ಲುವುದೇ ಎಂದು ನೊಂದುಕೊಳ್ಳುತ್ತಿದ್ದರು. ಅದಕ್ಕೇ ದೊಡ್ಡ ಸೀಸೆಗಳನ್ನು ಬಿಟ್ಟು 60 ಮಿ.ಲೀ. ಡಬ್ಬಿಗಳಲ್ಲಿ ತುಂಬಿಸಿ, ಮೇಲೆ ತಾರೀಖು ಬರೆದು, ಹಳೆಯದು ಮುಂದೆ ಬರುವಂತೆ ಜೋಡಿಸಿಟ್ಟು ಹೋಗುತ್ತಿದ್ದೆ.